ದಂಡೆಯ ನೆತ್ತಿ ಗಟ್ಟಿಯಾಗಿಯೇ ಇತ್ತು

ಮೊನ್ನೆ ಭಾನುವಾರ ಬೆಳಗ್ಗೆ ನಾನೂ ಭಾವನೂ ನಮ್ಮ ಮದಕದ, ಅಂದರೆ ಗುಡ್ಡದ ಮೇಲಿನ ಮಳೆನೀರಿನ ಕೆರೆಯ, ದಂಡೆಯ ಮೇಲಿದ್ದೆವು. ಕೈಯಲ್ಲಿ 30 ಮೀಟರ್ ಉದ್ದದ ಪಾರದರ್ಶಕ ಪೈಪು. ಮನೆ ಕಟ್ಟುವಾಗ ಮೇಸ್ತ್ರಿಗಳು ಮಟ್ಟ ನೋಡುತ್ತಾರಲ್ಲ, ಅದೇ. ಪೈಪಿಗೆ ನೀರು ತುಂಬಿಸಿ ಒಂದು ತುದಿಯನ್ನು ಭಾವ ಕೋಡಿಯ ಹತ್ತಿರ ಹಿಡಿದು ಕೂರುತ್ತಾರೆ. ಇನ್ನೊಂದು ತುದಿ ಹಿಡಿದು ನಾನು ದಂಡೆಯುದ್ದಕ್ಕೂ ಎರಡೆರಡು ಹೆಜ್ಜೆಗೆ ನಿಲ್ಲುತ್ತೇನೆ. ನೆತ್ತಿ ಎಲ್ಲಿ ತಗ್ಗಿದೆ, ಎಷ್ಟು ತಗ್ಗಿದೆ ಅಂತ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. 2020ರಿಂದ ಯಾವ ಮೇ ತಿಂಗಳಲ್ಲೂ ಈ ಕೆಲಸ ತಪ್ಪಿಸಿಲ್ಲ.

ಈ ಸಲ ಹಲಸಿನ ಮರದ ಬದಿಯಲ್ಲಿ 2 ಇಂಚು ತಗ್ಗು ಸಿಕ್ಕಿತು. ಮರುದಿನ ಶಾಲೆಯಲ್ಲಿ ಇದನ್ನು ಹೇಳಿದಾಗ ಜೊತೆಯ ಟೀಚರ್ ಒಬ್ಬರು, "13 ಅಡಿ ಎತ್ತರದ ದಂಡೆಯಲ್ಲಿ 2 ಇಂಚಿಗೆ ಇಷ್ಟು ತಲೆಬಿಸಿ ಯಾಕೆ?" ಅಂತ ಕೇಳಿದರು. ಊಟದ ಬೆಲ್ಲು ಮುಗಿಯುವುದರೊಳಗೆ ಹೇಳಿ ಮುಗಿಸುವ ವಿಷಯ ಅದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮದಕ ಅಂದರೆ ಏನು ಅಂತ ಘಟ್ಟದ ಮೇಲಿನವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಕಾಸರಗೋಡಿನ ಕಡೆ, ಪೆರ್ಲ, ಪಡ್ರೆ, ಬಾಯಾರು ಸುತ್ತಮುತ್ತ, ಗುಡ್ಡದ ಮೇಲೆ ಮೂರು ಕಡೆ ಏರು ಇರುವ ಬಟ್ಟಲಿನಂಥ ಜಾಗ ಇದ್ದರೆ ನಾಲ್ಕನೇ ಕಡೆಗೆ ಮಣ್ಣಿನ ದಂಡೆ ಹಾಕಿ ಮಳೆನೀರು ನಿಲ್ಲಿಸುತ್ತಾರೆ. ಆ ನೀರನ್ನು ನೇರವಾಗಿ ಎತ್ತಿ ತೋಟಕ್ಕೆ ಬಿಡುವುದು ಕಡಿಮೆ. ಅದು ಸುಮ್ನೆ ಇಂಗುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಸಂದಿಯಲ್ಲಿ ಇಳಿದು, ಕೆಳಗೆ ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗಕ್ಕೆ, ಬಾವಿಗೆ, ತೋಡಿಗೆ, ಅಂದರೆ ಹಳ್ಳಕ್ಕೆ, ಬರುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಆದರೂ ಏಪ್ರಿಲಿನಲ್ಲಿ ಅಡಿಕೆ ಮರಕ್ಕೆ ನೀರಿಲ್ಲ. ಮದಕ ತುಂಬಿದ ವರ್ಷ ನಮ್ಮ ಸುರಂಗ ಮೇ ಕೊನೆಯವರೆಗೂ ಒಸರುತ್ತದೆ. ಹಾಗಾಗಿ ಅದು ನಮಗೆ ದೊಡ್ಡ ಆಸ್ತಿ.

ನಮ್ಮ ಮದಕದ ದಂಡೆ 30 ಮೀಟರ್ ಉದ್ದ, ನೆತ್ತಿಯಲ್ಲಿ 8 ಅಡಿ ಅಗಲ. ತುಂಬಿದರೆ ಸುಮಾರು 30 ಲಕ್ಷ ಲೀಟರ್ ನೀರು. ಹೆಚ್ಚಾದ ನೀರು ಹೋಗಲು ದಂಡೆಯ ಒಂದು ಕೊನೆಯಲ್ಲಿ ಮುರಕಲ್ಲು ಕಡಿದು ಮಾಡಿದ 4 ಅಡಿ ಅಗಲದ ಕೋಡಿ. ಮಾವನ ಅಪ್ಪ ಮಾಡಿಸಿದ್ದಂತೆ. ನಾನು ಮದುವೆಯಾಗಿ ಬಂದಾಗ ಮಾವ ಇನ್ನೂ ಇದ್ದರು. ಆಟಿಯ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ದಿನಕ್ಕೆರಡು ಸಲ ಕೋಡಿಯ ಹತ್ತಿರ ಹೋಗಿ ಕೋಲಿನಿಂದ ತರಗೆಲೆ ತಳ್ಳಿ ಬರುತ್ತಿದ್ದರು. ಮುದುಕರಿಗೆ ಹೊತ್ತು ಹೋಗಲು ಒಂದು ಕೆಲಸ ಅಂತ ನಾನು ಅಂದುಕೊಂಡಿದ್ದೆ. ಅವರು ಹೋದ ಮೇಲೆ ಆ ಕೆಲಸ ಯಾರೂ ಮಾಡಲಿಲ್ಲ.

ಆಮೇಲೆ ಎರಡು ಬದಲಾವಣೆ ಆಯಿತು. ಎರಡೂ ನಮ್ಮ ಮನೆಯವರೇ ಮಾಡಿದ್ದು. ಮದಕದಲ್ಲಿ ಕಾಟ್ಲಾ, ರೋಹು ಮರಿ ಬಿಟ್ಟೆವು. ಮಳೆಗೆ ಮೀನು ಕೋಡಿಯಲ್ಲಿ ಇಳಿದು ಹೋಗದಿರಲಿ ಅಂತ ಅಡ್ಡಕ್ಕೆ ಬಲೆ ಕಟ್ಟಿದೆವು. ಇನ್ನೊಂದು, ಮೇಲಿನ ಗೇರು ಗುಡ್ಡೆಗೆ ಗೊಬ್ಬರ ಸಾಗಿಸಲು ಪಿಕಪ್ ಜೀಪು ದಂಡೆಯನ್ನು ಅಡ್ಡ ದಾಟುವ ಹಾಗೆ ಒಂದು ಜಾಗದಲ್ಲಿ ನೆತ್ತಿಯನ್ನು ತುಸು ಕೆರೆದು ಇಳಿಜಾರು ಮಾಡಿದೆವು. ಮೂರು ವರ್ಷ ಜೀಪು ಓಡಾಡಿ ಅಲ್ಲಿ ಎರಡು ಚಕ್ರದ ಗುರುತು ಬಿತ್ತು. ಉಳಿದ ನೆತ್ತಿಗಿಂತ ಆ ಜಾಗ ಒಂದು ಗೇಣು ತಗ್ಗು. ಎಲ್ಲರಿಗೂ ಕಾಣುತ್ತಿತ್ತು. ಯಾರೂ ನೋಡಲಿಲ್ಲ.

2019ರ ಆಗಸ್ಟ್. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಕರೆಂಟು ಇಲ್ಲ. ರಾತ್ರಿ ಎರಡೂವರೆಗೆ ಅತ್ತೆ ಎಬ್ಬಿಸಿದರು. "ನೀರಿನ ಸದ್ದು ಬೇರೆ ಕಡೆಯಿಂದ ಬರ್ತಾ ಉಂಟು" ಅಂದರು. ಕೋಡಿಯ ಸದ್ದು ಮನೆಯ ಎಡಕ್ಕೆ ಕೇಳಬೇಕು. ಅವತ್ತು ನಡುವಿನಿಂದ ಕೇಳುತ್ತಿತ್ತು.

ಟಾರ್ಚು ಹಿಡಿದು ನಾನೂ ಭಾವನೂ ಓಡಿದೆವು. ಇವರು, ನನ್ನ ಗಂಡ, ಮಂಗಳೂರಿನಲ್ಲಿದ್ದರು. ಕೋಡಿಯ ಬಲೆಗೆ ಸೋಗೆ, ತರಗೆಲೆ, ಒಂದು ಪ್ಲಾಸ್ಟಿಕ್ ಗೋಣಿ ಎಲ್ಲ ಸೇರಿ ಗೋಡೆಯ ಹಾಗೆ ನಿಂತಿತ್ತು. ಅದರ ಸಂದಿಯಲ್ಲಿ ನೀರು ಸೋರುತ್ತಿತ್ತು, ಅಷ್ಟೇ. ಜೀಪಿನ ದಾರಿಯಲ್ಲಿ ಮಾತ್ರ ನೀರು ದಂಡೆ ದಾಟಿ ಹಿಂಬದಿಗೆ ಹರಿಯುತ್ತಿತ್ತು. ನಾಲ್ಕು ಬೆರಳು ಆಳ, ಸುಮಾರು 10 ಅಡಿ ಅಗಲ. ನೋಡಲು ಏನೂ ದೊಡ್ಡದಲ್ಲ. ಹೊಳೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹರಿಯುವ ನೀರಿನಷ್ಟೇ.

ಭಾವ ಬಲೆ ಕಡಿಯಲು ಕತ್ತಿ ಹಿಡಿದು ಹೋದರು. ಒತ್ತಡಕ್ಕೆ ಬಲೆ ಬಿಗಿದು ಕಲ್ಲಿಗೆ ಅಂಟಿಕೊಂಡಿತ್ತು. ಕೈ ಹಾಕಲು ಧೈರ್ಯ ಬರಲಿಲ್ಲ. ಮತ್ತೆ ಅವರು ಗೋಣಿಯಲ್ಲಿ ಮಣ್ಣು ತುಂಬಿಸಿ ತಂದು ಜೀಪಿನ ದಾರಿಯಲ್ಲಿ ಇಡತೊಡಗಿದರು. ನೀರಿನೊಳಗೆ ನಿಂತು ಕಾಲಿನಿಂದ ನೆಲ ಒದ್ದು ನೋಡಿ, "ಗಟ್ಟಿ ಉಂಟು, ಹೆದರಬೇಡ" ಅಂದರು. ನಿಜ, ಗಟ್ಟಿಯಾಗಿಯೇ ಇತ್ತು. ಜೀಪಿನ ಚಕ್ರ ತುಳಿದ ಮಣ್ಣು ಅದು.

ಅಷ್ಟು ಹೊತ್ತಿಗೆ ಕೆಳಗಿನಿಂದ ಒಂದು ಟಾರ್ಚು ಬಂತು. ನಾವೆಲ್ಲ ಕಟ್ಟದ ಅಜ್ಜ ಅಂತ ಕರೆಯುವವರು. 40 ವರ್ಷ ಈ ತೋಡಿಗೆ ಕಟ್ಟ, ಅಂದರೆ ನೀರು ನಿಲ್ಲಿಸುವ ಅಡ್ಡ ಒಡ್ಡು, ಕಟ್ಟಿದವರು. ತಲೆಗೆ ಮುಟ್ಟಾಳೆ, ಮೈಗೆ ಪ್ಲಾಸ್ಟಿಕ್ ಹೊದ್ದಿದ್ದರು. ಅವರು ದಂಡೆಗೆ ಹತ್ತಲೇ ಇಲ್ಲ. ಬದಿಯ ಗುಡ್ಡದಲ್ಲಿ ನಿಂತು ದಂಡೆಯ ಹಿಂಬದಿಗೆ ಟಾರ್ಚು ಬಿಟ್ಟರು. ಬಿಟ್ಟವರೇ ಕೂಗಿದರು: "ಅಣ್ಣಾ, ಈಚೆ ಬನ್ನಿ. ಗೋಣಿ ಬಿಡಿ, ಬನ್ನಿ!"

ಭಾವ ಬಂದರು. ಅಲ್ಲಿಂದ ನೋಡಿದಾಗ ನನಗೆ ಕೈಕಾಲು ತಣ್ಣಗಾಯಿತು. ದಂಡೆಯ ಹಿಂದಿನ ಇಳಿಜಾರು ಇರಲಿಲ್ಲ. ಅದರ ಜಾಗದಲ್ಲಿ ಮೆಟ್ಟಿಲುಗಳಿದ್ದವು. ತೀರ ಕೆಳಗೆ ಆಳೆತ್ತರದ ಒಂದು ದೊಡ್ಡ ಮೆಟ್ಟಿಲು, ಅದರ ಮೇಲೆ ಎರಡು ಸಣ್ಣವು. ಪ್ರತಿ ಮೆಟ್ಟಿಲಿನ ಬುಡದಲ್ಲೂ ನೀರು ಬಿದ್ದು ಸುತ್ತುತ್ತಾ ಒಳಗೆ ಗುಹೆ ಕೊರೆಯುತ್ತಿತ್ತು. ಗುಹೆ ಒಳಹೋದಷ್ಟು ಮೇಲಿನ ಮಣ್ಣು ಚಾಚಿಕೊಂಡು ನಿಲ್ಲುತ್ತಿತ್ತು. ಮತ್ತೆ ಧೊಪ್ಪನೆ ಒಂದು ಮಣ್ಣಿನ ಹೆಂಟೆ ಬೀಳುತ್ತಿತ್ತು. ಅದನ್ನು ನೀರು ಕ್ಷಣದಲ್ಲಿ ಕರಗಿಸಿ ಒಯ್ಯುತ್ತಿತ್ತು. ಮೆಟ್ಟಿಲು ಒಂದು ಮೊಳ ಹಿಂದೆ, ಮದಕದ ಕಡೆಗೆ, ಸರಿಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಸಣ್ಣ ಮೆಟ್ಟಿಲುಗಳೂ ದೊಡ್ಡದರಲ್ಲಿ ಸೇರಿ ಒಂದೇ ಗೋಡೆಯಾಯಿತು. ಭಾವ ನಿಂತಿದ್ದ ಜಾಗಕ್ಕೂ ಆ ಗೋಡೆಗೂ ನಡುವೆ ನಾಲ್ಕು ಅಡಿ ಉಳಿದಿತ್ತು.

ಅದೇ ನನ್ನನ್ನು ಇವತ್ತಿಗೂ ಕಾಡುವುದು. ಮೇಲಿನಿಂದ ಏನೂ ಗೊತ್ತಾಗುವುದಿಲ್ಲ. ನೆತ್ತಿಯ ಮೇಲೆ ನೀರು ನಿಧಾನ. ಅಲ್ಲಿ ಅದಕ್ಕೆ ಮಣ್ಣು ಎಬ್ಬಿಸುವ ಬಲ ಇಲ್ಲ. ಹಿಂದಿನ ಅಂಚು ದಾಟಿ ಇಳಿಜಾರಿಗೆ ಬಿದ್ದ ಮೇಲೆ ಅದು ವೇಗ ಹಿಡಿಯುತ್ತದೆ. ಬುಡಕ್ಕೆ ಬರುವಾಗ ಎಲ್ಲಕ್ಕಿಂತ ಜಾಸ್ತಿ ವೇಗ. ಇಳಿಜಾರು ಮುಗಿದು ಸಮನೆಲ ಸಿಗುವಲ್ಲಿ ಕುದಿಯುತ್ತದೆ. ಹಾಗಾಗಿ ದಂಡೆಯನ್ನು ಅದು ಹಿಂದಿನಿಂದ, ಕೆಳಗಿನಿಂದ ತಿನ್ನುತ್ತಾ ಬರುತ್ತದೆ. ನೆತ್ತಿಯನ್ನು ತಿನ್ನುವುದು ಕೊನೆಗೆ.

ಇದರಲ್ಲಿ ಎರಡು ಹೊತ್ತು ಇದೆ. ಮೆಟ್ಟಿಲು ಬುಡದಿಂದ ಹೊರಟು ನೆತ್ತಿಯನ್ನು ಕೊರೆದು ಮದಕದ ನೀರಿನ ಅಂಚು ಮುಟ್ಟುವವರೆಗೆ ಮೊದಲನೆಯದು. ಅಷ್ಟು ಹೊತ್ತೂ ಹೊರಗೆ ಹೋಗುವ ನೀರು ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಯಾಕೆಂದರೆ ನೀರನ್ನು ತಡೆದು ನಿಂತ ಆ ಮುಂದಿನ ತುಟಿ ಇನ್ನೂ ಇದೆ. ನಮ್ಮಲ್ಲಿ ಅದು ಒಂದೂವರೆ ಗಂಟೆಗಿಂತ ಜಾಸ್ತಿ ಹಿಡಿಯಿತು. ಆ ತುಟಿ ಬಿದ್ದ ಮೇಲೆ ಎರಡನೆಯದು. ಅದು ನಿಮಿಷಗಳ ಲೆಕ್ಕ.

ಲೆಕ್ಕ ಅಂದೆ, ನಾನು ವಿಜ್ಞಾನದ ಟೀಚರ್, ಅದನ್ನೂ ಹೇಳಿಬಿಡುತ್ತೇನೆ. ದಂಡೆಯ ಮೇಲೆ 10 ಸೆಂಟಿಮೀಟರ್ ನೀರು ದಾಟುತ್ತಿದ್ದರೆ, ಒಂದು ಮೀಟರ್ ಅಗಲಕ್ಕೆ ಸೆಕೆಂಡಿಗೆ ಸುಮಾರು 50 ಲೀಟರ್ ಹೋಗುತ್ತದೆ. ತುಟಿ ಬಿದ್ದು ನೀರಿನ ಆಳ 1 ಮೀಟರ್ ಆಯಿತು ಅನ್ನಿ. ಆಳ ಹತ್ತು ಪಟ್ಟು. ಹೋಗುವ ನೀರು ಹತ್ತು ಪಟ್ಟಲ್ಲ, ಮೂವತ್ತು ಪಟ್ಟಿಗಿಂತ ಜಾಸ್ತಿ. ಅಷ್ಟು ನೀರು ಇನ್ನೂ ವೇಗವಾಗಿ ತಳ ಕೊರೆಯುತ್ತದೆ. ತಳ ಇಳಿದಷ್ಟು ನೀರು ಇನ್ನೂ ಹೆಚ್ಚು. ಮದಕ ಬರಿದಾಗುವವರೆಗೆ ಅದನ್ನು ನಿಲ್ಲಿಸುವುದು ಮನುಷ್ಯರ ಕೈಯಲ್ಲಿಲ್ಲ.

ಅಜ್ಜ ಹೇಳಿದ್ದು ಒಂದೇ ಮಾತು. "ದಂಡೆ ಹೋಯಿತು ಅಂತಲೇ ತಿಳಿದುಕೊಳ್ಳಿ. ಕೆಳಗಿನವರನ್ನು ಎಬ್ಬಿಸಿ." ಆ ಒಂದೂವರೆ ಗಂಟೆಯಲ್ಲಿ ಉಳಿದದ್ದನ್ನು ನಾವು ಅದಕ್ಕೇ ಬಳಸಿದೆವು. ತೋಡಿನ ಬದಿಯ ಮೂರು ಮನೆಗೆ ಫೋನು ಮಾಡಿದೆ. ಒಬ್ಬರು ಎತ್ತಲಿಲ್ಲ. ಅಜ್ಜನ ಮೊಮ್ಮಗ ಓಡಿಹೋಗಿ ಬಾಗಿಲು ಬಡಿದ. ದನಗಳನ್ನು ಬಿಚ್ಚಿ ಮೇಲಕ್ಕೆ ಹೊಡೆದರು. ನಾಲ್ಕು ಗಂಟೆ ದಾಟಿದ ಮೇಲೆ ಗುಡುಗಿನಂಥ ಸದ್ದು. ಮತ್ತೆ ಕಾಲು ಗಂಟೆ ನೀರಿನ ಬೊಬ್ಬೆ. ಆಮೇಲೆ ಮಳೆಯ ಸದ್ದು ಮಾತ್ರ.

ಬೆಳಗ್ಗೆ ನೋಡಿದರೆ ದಂಡೆಯಲ್ಲಿ 24 ಅಡಿ ಅಗಲದ ಬಾಯಿ. ಎರಡೂ ಬದಿ ಕತ್ತಿಯಲ್ಲಿ ಕೊಯ್ದ ಹಾಗೆ ನೆಟ್ಟಗೆ ನಿಂತಿತ್ತು. ಕೆಳಗಿನ ತೋಟದಲ್ಲಿ 60 ಅಡಿಕೆ ಮರ ಹೋಗಿತ್ತು. ಪಂಪಿನ ಕೊಟ್ಟಿಗೆ ಇರಲಿಲ್ಲ. ಒಂದು ಮನೆಯ ಹಿಂಬದಿಯ ಕಂಪೌಂಡು ಬಿದ್ದಿತ್ತು. ಯಾರಿಗೂ ಏನೂ ಆಗಲಿಲ್ಲ. ಆ ಮನೆಯ ಅಕ್ಕ ನನ್ನ ಕೈ ಹಿಡಿದುಕೊಂಡು ಅತ್ತಾಗ ನಾನೂ ಅತ್ತೆ.

ನೋಡಲು ಬಂದವರಲ್ಲಿ ಹಲವರು ಏಡಿ ಬಿಲದಿಂದ ಆಗಿರಬೇಕು ಅಂದರು. ಆಗ ಆ ಮಾತು ಎಲ್ಲರ ಬಾಯಲ್ಲಿತ್ತು. ಒಂದು ತಿಂಗಳ ಹಿಂದೆ, ಜುಲೈ 2ರ ರಾತ್ರಿ, ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದು ಮನೆಗಳೇ ಕೊಚ್ಚಿ ಹೋಗಿದ್ದವು. ಅಲ್ಲಿನ ಸಚಿವರೊಬ್ಬರು ಏಡಿಗಳೇ ಕಾರಣ ಅಂದದ್ದು ಟಿವಿಯಲ್ಲಿ ಬಂದಿತ್ತು. ಏಡಿ, ಹೆಗ್ಗಣ, ಸತ್ತ ಮರದ ಬೇರು ದಂಡೆಗೆ ಕೆಟ್ಟದ್ದು ಹೌದು. ಆದರೆ ಅದು ಬೇರೆ ರೋಗ. ಅಲ್ಲಿ ನೀರು ದಂಡೆಯ ಹೊಟ್ಟೆಯೊಳಗೆ ದಾರಿ ಮಾಡಿಕೊಂಡು, ಕೆಸರು ಬಣ್ಣದಲ್ಲಿ ಹಿಂಬದಿಗೆ ಒಸರುತ್ತದೆ. ನಮ್ಮದು ಮೇಲಿನಿಂದ ದಾಟಿದ್ದು. ಕಣ್ಣಿನಿಂದ ಕಂಡಿದ್ದೆ. ಏಡಿಯ ಮೇಲೆ ಹಾಕಿ ಸುಮ್ಮನಾದರೆ ಬಲೆಯ ಮಾತು, ಜೀಪಿನ ಮಾತು ಬರುವುದೇ ಇಲ್ಲ, ಅಲ್ವಾ?

ಆ ಮಳೆಗಾಲ ಮುಗಿಯುವವರೆಗೆ ಸಿಕ್ಕಿದ್ದೆಲ್ಲ ಓದಿದೆ. ಒಂದು ಕಥೆ ಓದುವಾಗ ನಡುವೆ ನಿಲ್ಲಿಸಬೇಕಾಯಿತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸೌತ್ ಫೋರ್ಕ್ ಅಂತ ಒಂದು ಮಣ್ಣಿನ ಅಣೆಕಟ್ಟು. 72 ಅಡಿ ಎತ್ತರ. ಶ್ರೀಮಂತರ ಒಂದು ಕ್ಲಬ್ಬು ಅದನ್ನು ಕೊಂಡು, ಕೆರೆಗೆ ಮೀನು ಬಿಟ್ಟಿತು. ಮೀನು ಹೋಗದಿರಲಿ ಅಂತ ಕೋಡಿಗೆ ಜಾಲರಿ ಹಾಕಿತು. ಕುದುರೆ ಗಾಡಿ ಓಡಾಡಲು ನೆತ್ತಿಯನ್ನು ತಗ್ಗಿಸಿತು. ನೀರು ಇಳಿಸುವ ತಳದ ಕೊಳವೆಗಳನ್ನು ಹಿಂದಿನವರು ಕಿತ್ತು ಮಾರಿದ್ದರು, ಮತ್ತೆ ಹಾಕಲೇ ಇಲ್ಲ. 1889ರ ಮೇ 31ರಂದು ದೊಡ್ಡ ಮಳೆಗೆ ಜಾಲರಿಯಲ್ಲಿ ಕಸ ತುಂಬಿ, ನೀರು ನೆತ್ತಿ ದಾಟಿ, ಅಣೆಕಟ್ಟು ಹೋಯಿತು. ಕೆಳಗೆ 22 ಕಿಲೋಮೀಟರ್ ದೂರದ ಜಾನ್ಸ್‌ಟೌನ್ ಪಟ್ಟಣದವರೆಗೆ ಸತ್ತವರು 2209 ಜನ.

ಬಲೆ, ಗಾಡಿ ದಾರಿ. 130 ವರ್ಷದ ಮೊದಲು, ಇನ್ನೊಂದು ಖಂಡದಲ್ಲಿ, ನಾವು ಮಾಡಿದ್ದನ್ನೇ ಮಾಡಿದ್ದರು. ನಮ್ಮ ಮದಕ ಸಣ್ಣದಾದ್ದರಿಂದ 60 ಅಡಿಕೆ ಮರ ಹೋಯಿತು. ಇಷ್ಟೇ ವ್ಯತ್ಯಾಸ ಅಂತ ಅನ್ನಿಸಿ ಆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ದೇಶದಲ್ಲೂ ಇದೆ. ಗುಜರಾತಿನ ಮಚ್ಛು ನದಿಯ ಎರಡನೇ ಅಣೆಕಟ್ಟು 1979ರ ಆಗಸ್ಟ್ 11ರಂದು ಹೋದದ್ದು ಹೀಗೆಯೇ. ಕೋಡಿ ಎಷ್ಟು ನೀರು ಬಿಡಬಲ್ಲದು ಅಂತ ಲೆಕ್ಕ ಹಾಕಿದ್ದರೋ ಅದರ ಸುಮಾರು ಮೂರು ಪಟ್ಟು ಪ್ರವಾಹ ಬಂತು. ನಡುವಿನ ಕಲ್ಲಿನ ಕಟ್ಟಡ ಹಾಗೇ ನಿಂತಿತು. ಎರಡು ಬದಿಯ ಮಣ್ಣಿನ ದಂಡೆ ಕೊಚ್ಚಿ ಹೋಗಿ ಕೆಳಗಿನ ಮೋರ್ಬಿ ಪಟ್ಟಣ ಮುಳುಗಿತು. ಸತ್ತವರ ಸಂಖ್ಯೆ ಸಾವಿರಗಳಲ್ಲಿ. 2021ರ ನವೆಂಬರ್ 19ರಂದು ಆಂಧ್ರದ ಕಡಪ ಜಿಲ್ಲೆಯಲ್ಲಿ ಚೆಯ್ಯೇರು ನದಿಯ ಅನ್ನಮಯ್ಯ ಅಣೆಕಟ್ಟಿನ ಮಣ್ಣಿನ ದಂಡೆ ಹೋದಾಗಲೂ ಗೇಟುಗಳಿದ್ದ ಕಾಂಕ್ರೀಟು ಭಾಗ ಉಳಿದಿತ್ತು. ಆ ಫೋಟೋ ನೋಡಿ ಭಾವ ಪತ್ರಿಕೆ ಮಡಚಿ ಇಟ್ಟರು. ಏನೂ ಮಾತಾಡಲಿಲ್ಲ.

ಕಲ್ಲು, ಕಾಂಕ್ರೀಟಿನ ಅಣೆಕಟ್ಟಿನ ಮೇಲೆ ಸ್ವಲ್ಪ ಹೊತ್ತು ನೀರು ಹರಿದರೆ ಅದು ತಡೆದುಕೊಂಡೀತು. ಮಣ್ಣಿಗೆ ಆ ಶಕ್ತಿ ಇಲ್ಲ. ಅದಕ್ಕೇ ವಯನಾಡಿನ ಬಾಣಾಸುರ ಸಾಗರದಂಥ ದೊಡ್ಡ ಮಣ್ಣಿನ ಅಣೆಕಟ್ಟಿಗೂ ನೀರು ಬಿಡಲು ಬೇರೆಯೇ ಕಾಂಕ್ರೀಟು ಕಟ್ಟಿ ಗೇಟು ಇಟ್ಟಿದ್ದಾರೆ. ಮಕ್ಕಳನ್ನು ಟೂರು ಕರೆದುಕೊಂಡು ಹೋದಾಗ ನಾನು ಮೊದಲು ತೋರಿಸುವುದು ಅದನ್ನು. ಬೋಟಿಂಗ್ ಆಮೇಲೆ.

ಮಣ್ಣಿನಲ್ಲೂ ಮಣ್ಣಿದೆ. ಇದನ್ನು ಶಾಲೆಯ ಅಂಗಳದಲ್ಲಿ ಎಂಟನೇ ಕ್ಲಾಸಿನ ಮಕ್ಕಳ ಜೊತೆ ಮಾಡಿ ನೋಡಿದೆ. ಮೂರು ಪುಟ್ಟ ದಂಡೆ, ಒಂದೊಂದು ಮೊಳ ಎತ್ತರ. ಒಂದು ಹೊಯ್ಗೆಯದ್ದು, ಅಂದರೆ ಮರಳಿನದ್ದು. ಇನ್ನೊಂದು ಗದ್ದೆಯ ಜೇಡಿಮಣ್ಣು, ಒಣಗಿದ್ದನ್ನೇ ಸುರಿದದ್ದು. ಮೂರನೆಯದು ಅದೇ ಜೇಡಿಮಣ್ಣು, ಹದಕ್ಕೆ ನೀರು ಚಿಮುಕಿಸಿ ನಾಲ್ಕು ಬೆರಳಿನಷ್ಟು ಹಾಕಿ ಹಾಕಿ ದಮ್ಮಸಿನಿಂದ ಬಡಿದದ್ದು. ಮುಂದಿನ ಬದಿಗೆ ನೀರು ತುಂಬಿಸಿ ನೆತ್ತಿ ದಾಟಿಸಿದೆವು. ಹೊಯ್ಗೆಯದ್ದು ಮೆಟ್ಟಿಲೇ ಆಗಲಿಲ್ಲ. ಸಕ್ಕರೆಯ ರಾಶಿಯ ಹಾಗೆ ಮೇಲಿನಿಂದ ಕೆಳಗೆ ಇಡೀ ಕರಗಿ ಚಪ್ಪಟೆಯಾಯಿತು. ಒಣಮಣ್ಣಿನದ್ದು ನಾಲ್ಕು ನಿಮಿಷ ನಿಂತಿತು. ಮೂರನೆಯದು ಬೆಲ್ಲು ಹೊಡೆದು ಮಕ್ಕಳು ಮನೆಗೆ ಹೋಗುವಾಗಲೂ ನಿಂತಿತ್ತು, ಹಿಂದೆ ಒಂದು ಸಣ್ಣ ಮೆಟ್ಟಿಲು ಬಿದ್ದಿತ್ತು ಅಷ್ಟೇ. ಒಂದೇ ಮಣ್ಣು, ಒಂದೇ ನೀರು. ಅಮೆರಿಕದ ಓಕ್ಲಹೋಮಾದಲ್ಲಿ ಕೃಷಿ ಇಲಾಖೆಯ ವಿಜ್ಞಾನಿಗಳು ನಿಜವಾದ ದೊಡ್ಡ ದಂಡೆಗಳನ್ನೇ ಕಟ್ಟಿ, ನೀರು ದಾಟಿಸಿ ಒಡೆದು ನೋಡಿದ್ದಾರೆ. ಬಡಿಯುವಾಗ ಮಣ್ಣಿನಲ್ಲಿ ಎಷ್ಟು ಪಸೆ ಇತ್ತು ಅನ್ನುವುದರ ಮೇಲೆ ಕೊರೆತದ ವೇಗ ನೂರು ಪಟ್ಟಿಗೂ ಜಾಸ್ತಿ ಬದಲಾಗುತ್ತದೆ ಅನ್ನುವುದು ಅಂಥ ಪ್ರಯೋಗಗಳಿಂದ ಗೊತ್ತಾಗಿದೆ.

ಕಟ್ಟದ ಅಜ್ಜನಿಗೆ ಇದನ್ನು ಹೇಳಿದೆ. ಅವರು ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ನೆಲಕ್ಕೆ ಹಾಕಿದರು. ಎರಡು ಹೋಳಾಯಿತು. "ಹೀಗಾದರೆ ಹದ. ಪುಡಿಯಾದರೆ ನೀರು ಬೇಕು. ಚಪ್ಪಟೆಯಾದರೆ ನಾಳೆ ಬನ್ನಿ" ಅಂದರು. ಅವರ ಕಾಲದಲ್ಲಿ ಮಳೆ ನಿಂತ ಮೇಲೆ ತೋಡಿಗೆ ಕಲ್ಲು, ಮಣ್ಣು ತುಳಿದು ಕಟ್ಟ ಹಾಕುತ್ತಿದ್ದರು. ಮಳೆಗಾಲಕ್ಕೆ ಮೊದಲೇ ತಾವಾಗಿ ಬಿಡಿಸುತ್ತಿದ್ದರು. ಕಷ್ಟಪಟ್ಟು ಕಟ್ಟಿದ್ದನ್ನು ಯಾಕೆ ಬಿಚ್ಚುವುದು ಅಂತ ನಾನು ಮೊದಲು ಯೋಚಿಸುತ್ತಿದ್ದೆ. ಆಟಿಯ ನೀರು ಮಣ್ಣಿನ ಮೇಲೆ ಹತ್ತುವ ಮೊದಲು ದಾರಿ ಬಿಟ್ಟುಕೊಡುವುದು ಅದು. ನಮ್ಮ ಏತಡ್ಕದ ಕಡೆ ಈಗಲೂ ತೋಡಿನುದ್ದಕ್ಕೂ ಸಾಲಾಗಿ ಕಟ್ಟ ಕಟ್ಟುವವರಿದ್ದಾರೆ. ಆ ಕೈಗಳನ್ನು ನೋಡಿದರೆ ನನಗೆ ತುಂಬ ಗೌರವ.

2020ರ ಬೇಸಿಗೆಯಲ್ಲಿ ಅಜ್ಜನನ್ನು ಕುರ್ಚಿ ಹಾಕಿ ಕೂರಿಸಿ ದಂಡೆ ಮತ್ತೆ ಕಟ್ಟಿಸಿದೆವು. ಒಡೆದ ಬಾಯಿಯ ನೆಟ್ಟಗಿನ ಬದಿಗಳನ್ನು ಮೊದಲು ಇಳಿಜಾರಾಗಿ ಕಡಿದೆವು. ಇಲ್ಲದಿದ್ದರೆ ಹಳೆ ಮಣ್ಣಿಗೂ ಹೊಸ ಮಣ್ಣಿಗೂ ಬೆಸುಗೆ ಆಗುವುದಿಲ್ಲ. ಆರು ಆರು ಇಂಚು ಮಣ್ಣು ಹಾಕಿ ರೋಲರ್ ಓಡಿಸಿದೆವು. ಕೋಡಿಯನ್ನು 4 ಅಡಿಯಿಂದ 10 ಅಡಿ ಮಾಡಿದೆವು. ಹಿಂಬದಿಗೆ ಪೂರ್ತಿ ಹುಲ್ಲು ಹಚ್ಚಿದೆವು, ಪೊದೆ ಬೆಳೆಯಲು ಬಿಡುವುದಿಲ್ಲ. ಹುಲ್ಲು ಒಂದೇ ಸಮ ಇದ್ದರೆ ನೀರು ಜಾರಿ ಹೋಗುತ್ತದೆ. ನಡುವೆ ಒಂದು ಪೊದೆ, ಒಂದು ಕಂಬ, ಒಂದು ಕಾಲುದಾರಿ ಇದ್ದರೂ ಅಲ್ಲಿ ಸುಳಿ ಎದ್ದು ಮೊದಲ ಗುಂಡಿ ಬೀಳುತ್ತದೆ. ಮೀನು ಈಗಲೂ ಇದೆ. ಮಳೆಗೆ ಕೆಲವು ಕೋಡಿಯಲ್ಲಿ ಇಳಿದು ಹೋಗುತ್ತವೆ. ಕೆಳಗಿನ ಮನೆಯ ಮಕ್ಕಳು ಹಿಡಿಯುತ್ತಾರೆ. ಗೊಬ್ಬರದ ಜೀಪು ಸುತ್ತು ಹಾಕಿ ಹೋಗುತ್ತದೆ.

ಇನ್ನು ಆ 2 ಇಂಚಿನ ಮಾತು. ದಂಡೆಯುದ್ದಕ್ಕೂ ನೆತ್ತಿ ಒಂದೇ ಸಮ ಇದ್ದು, ನೀರು ಹೇಗೋ ದಾಟಿಯೇ ಬಿಟ್ಟಿತು ಅನ್ನಿ. ಅದು 30 ಮೀಟರಿಗೂ ಹರಡಿ ತೆಳ್ಳಗೆ ಹರಿಯುತ್ತದೆ, ಹುಲ್ಲು ತಡೆದುಕೊಳ್ಳುತ್ತದೆ. ಒಂದು ಕಡೆ 2 ಇಂಚು ತಗ್ಗಿದ್ದರೆ ಇಡೀ ಮದಕದ ನೀರಿಗೆ ಅದೇ ಬಾಗಿಲು. ಮೊದಲ ಮೆಟ್ಟಿಲು ಬೀಳುವುದು ಅಲ್ಲಿಯೇ. ಹಲಸಿನ ಬದಿ 2020ರಲ್ಲಿ ಹಾಕಿದ ಹೊಸ ಮಣ್ಣು. ಅದು ಇನ್ನೂ ಕೂರುತ್ತಾ ಇದೆ.

ನಾಳೆ ಇಬ್ಬರು ಕೆಲಸಕ್ಕೆ ಬರುತ್ತಾರೆ. ಮಣ್ಣು ತೆಗೆದು ಹಲಸಿನ ಬುಡದಲ್ಲಿ ರಾಶಿ ಹಾಕಿ ಆಗಿದೆ. ಸಂಜೆ ಒಂದು ಕೊಡ ನೀರು ಚಿಮುಕಿಸಿ ಗೋಣಿ ಮುಚ್ಚಿ ಬಂದೆ. ಉಂಡೆ ಕಟ್ಟಿ ನೋಡಿದೆ, ಇನ್ನೂ ಪುಡಿಯಾಗುತ್ತಿತ್ತು. ಬೆಳಗ್ಗೆ ಇನ್ನೊಂದು ಕೊಡ ಹಾಕಬೇಕು.